ಚುಕ್ಕಿಗೊಂದು ಅಪ್ಪಣೆ

“ಸಾರ್, ಈ ನೀರು ನೀರಿನ ಹಾಗಿಲ್ಲ, ಅಲ್ವೇ?”

ಹೀಗೆಂದು ಕೇಳಿದವನು ನಮ್ಮ ಕಾಲೇಜಿನ ಗಣಕವಿಜ್ಞಾನ ತರಗತಿಯ ಒಬ್ಬ ಹುಡುಗ. ಕೇಳಿಸಿಕೊಂಡವನು, ಕನ್ನಡದಲ್ಲಿ ಎಂ. ಎ. ಮಾಡಿ ಹನ್ನೊಂದು ವರ್ಷಗಳಿಂದ ಪದವಿ ತರಗತಿಗಳಿಗೆ ಹಳಗನ್ನಡವನ್ನೂ ಛಂದಸ್ಸನ್ನೂ ಪಾಠ ಹೇಳುತ್ತಿರುವ ನಾನು. ಅಧ್ಯಾಪಕರ ಕೊಠಡಿಯ ಮೇಜಿನ ಮೇಲೆ ಅವನ ಲ್ಯಾಪ್‌ಟಾಪು ತೆರೆದಿತ್ತು. ಅದರ ಪರದೆಯ ಮೇಲೆ ಮೇಲುಕೋಟೆಯ ಕಲ್ಯಾಣಿ. ಸುತ್ತಲೂ ಕಂಬಗಳ ಮಂಟಪಗಳು, ಹಿಂದೆ ಬೆಟ್ಟ, ಬೆಟ್ಟದ ನೆತ್ತಿಯ ಮೇಲೆ ಯೋಗನರಸಿಂಹನ ಗುಡಿ. ಮಂಟಪದ ನೆರಳಿನಲ್ಲಿ ದೀಪ ಹಿಡಿದ ಪುಟ್ಟ ಹುಡುಗಿಯೊಬ್ಬಳು ನಿಂತಿದ್ದಳು. ಎಲ್ಲವೂ ಚೆನ್ನಾಗಿತ್ತು. ಆದರೆ ನೀರಿರಬೇಕಾದ ಕಡೆ ನೀಲಿ ಬಣ್ಣದ ತಗಡೊಂದನ್ನು ಹಾಸಿದಂತೆ ಕಾಣುತ್ತಿತ್ತು.

ಅವನು ಬಿಡುವಿನ ವೇಳೆಯಲ್ಲಿ ಒಂದು ಸಣ್ಣ ಗಣಕದಾಟವನ್ನು ಕಟ್ಟುತ್ತಿದ್ದನಂತೆ. ಅದರಲ್ಲಿ ಬರುವ ಮಾತುಗಳು ಕನ್ನಡದಲ್ಲಿಯೇ ಇರಬೇಕೆಂಬುದು ಅವನ ಆಸೆ. ಅವನ್ನು ತಿದ್ದಿಕೊಡಬೇಕೆಂದು ನನ್ನಲ್ಲಿಗೆ ಬಂದಿದ್ದ. ಅವನು ನನ್ನಲ್ಲಿಗೆ ಬಂದುದೇ ನನಗೆ ಆಶ್ಚರ್ಯ. ಏಕೆಂದರೆ, ಕನ್ನಡ ಪತ್ರಿಕೆಯಲ್ಲಿ ಎರಡು ಬಾರಿ ಅನುತ್ತೀರ್ಣನಾಗಿದ್ದ ಆ ಹುಡುಗನನ್ನು ಕುರಿತು ನಾನು ಒಮ್ಮೆ ಅರವತ್ತು ಮಂದಿಯ ಎದುರಿಗೆ, “ಲಘು ಗುರು ತಿಳಿಯದವನಿಗೆ ಇನ್ನಾವ ವಿದ್ಯೆ ತಲೆಗೆ ಹತ್ತೀತು?” ಎಂದಿದ್ದೆ. ತರಗತಿ ನಕ್ಕಿತ್ತು. ಅವನು ತಲೆ ತಗ್ಗಿಸಿ ಕುಳಿತಿದ್ದ. ಆ ಮಾತನ್ನು ನಾನು ಮರೆತಿದ್ದೆ. ಅವನು ಮರೆತಿರಲಿಲ್ಲವೆಂಬುದು ಆಮೇಲೆ ತಿಳಿಯಿತು.

“ನೀರು ಸರಿಯಾಗಬೇಕಾದರೆ ಏನು ಮಾಡಬೇಕಯ್ಯಾ?” ಎಂದೆ.

“ಶೇಡರ್ ಬರೀಬೇಕು ಸಾರ್. ನನಗೂ ಅರ್ಧ ಮಾತ್ರ ಬರುತ್ತೆ.”

“ಹಾಗಾದರೆ ಒಂದು ಒಪ್ಪಂದ. ಶನಿವಾರ ಮಧ್ಯಾಹ್ನ ಒಂದು ಗಂಟೆ ನಾನು ನಿನಗೆ ಛಂದಸ್ಸು ಹೇಳುತ್ತೇನೆ. ಇನ್ನೊಂದು ಗಂಟೆ ನೀನು ನನಗೆ ಆ ಶೇಡರನ್ನು ಹೇಳಿಕೊಡು.”

ಅವನು ನಕ್ಕ. ನಾನು ತಮಾಷೆಗೆ ಹೇಳಿದೆನೆಂದು ಅವನು ತಿಳಿದಿರಬೇಕು. ಆದರೆ ಶನಿವಾರ ಬಂದಿತು, ಪಾಠವೂ ಮೊದಲಾಯಿತು. ಮೂವತ್ತಾರನೆಯ ವಯಸ್ಸಿನಲ್ಲಿ ಮತ್ತೆ ಓನಾಮ ತಿದ್ದಿದವನ ಅನುಭವವನ್ನು ವಾಚಕರ ಮುಂದಿಡುತ್ತಿದ್ದೇನೆ. ಗಣಿತದವರು ನಗಬಾರದು; ಕನ್ನಡದವರು ಹೆದರಬಾರದು.

ಪರೀಕ್ಷಾಮಂದಿರದ ನ್ಯಾಯ

ಶೇಡರ್ ಎಂದರೇನು? ಗಣಕದ ಪರದೆಯ ಮೇಲೆ ಕಾಣುವ ಚಿತ್ರವೆಲ್ಲವೂ ಸಣ್ಣ ಸಣ್ಣ ಚುಕ್ಕಿಗಳ ರಾಶಿ. ಸಾಮಾನ್ಯವಾದ ಒಂದು ಪರದೆಯಲ್ಲಿ ಅಡ್ಡಲಾಗಿ 1920, ಉದ್ದಕ್ಕೆ 1080 ಚುಕ್ಕಿಗಳು, ಒಟ್ಟು 20,73,600. ಆಟದಲ್ಲಿ ಚಲನೆ ನಯವಾಗಿ ಕಾಣಬೇಕಾದರೆ ಸೆಕೆಂಡಿಗೆ ಅರವತ್ತು ಬಾರಿ ಈ ಚಿತ್ರವನ್ನು ಹೊಸದಾಗಿ ಬರೆಯಬೇಕು. ಎಂದರೆ ಒಂದು ಸೆಕೆಂಡಿನಲ್ಲಿ 12,44,16,000 ಸಲ “ಈ ಚುಕ್ಕಿಯ ಬಣ್ಣವೇನು?” ಎಂಬ ಪ್ರಶ್ನೆಗೆ ಉತ್ತರ ಹೇಳಬೇಕು. ಆ ಉತ್ತರವನ್ನು ಕೊಡುವ ಪುಟ್ಟ ಆಜ್ಞಾವಳಿಯೇ ಶೇಡರ್. ಆಕೃತಿಗಳ ಮೂಲೆಗಳು ಎಲ್ಲಿರಬೇಕೆಂದು ಹೇಳುವುದು ಒಂದು ಬಗೆ. ಚುಕ್ಕಿಯ ಬಣ್ಣ ಯಾವುದೆಂದು ಹೇಳುವುದು ಇನ್ನೊಂದು ಬಗೆ. ನಾನು ಕಲಿಯಹೊರಟುದು ಎರಡನೆಯದನ್ನು.

ಹನ್ನೆರಡು ಕೋಟಿ ಪ್ರಶ್ನೆಗಳಿಗೆ ಒಬ್ಬನೇ ಒಂದಾದ ಮೇಲೊಂದರಂತೆ ಉತ್ತರ ಹೇಳಹೊರಟರೆ ಕೆಲಸ ಮುಗಿಯುವುದೆಂದು? ಆದುದರಿಂದಲೇ ಗಣಕದೊಳಗೆ ಚಿತ್ರಕ್ಕೆಂದೇ ಬೇರೊಂದು ಯಂತ್ರಾಂಗವಿದೆ. ಅದರಲ್ಲಿ ನೂರಾರು, ಸಾವಿರಾರು ಸಣ್ಣ ಲೆಕ್ಕಿಗರು ಏಕಕಾಲದಲ್ಲಿ ದುಡಿಯುತ್ತಾರೆ.

ಇಷ್ಟನ್ನು ಹೇಳಿ ಹುಡುಗ ನನ್ನ ಮುಖ ನೋಡಿದ. ನನಗೆ ತಿಳಿಯಲಿಲ್ಲವೆಂಬುದು ಅವನಿಗೆ ತಿಳಿಯಿತು. “ಪರೀಕ್ಷಾ ಹಾಲ್ ಅಂದ್ಕೊಳ್ಳಿ ಸಾರ್” ಎಂದ. ಎಲ್ಲರಿಗೂ ಒಂದೇ ಪ್ರಶ್ನೆಪತ್ರಿಕೆ. ಆದರೆ ಒಬ್ಬೊಬ್ಬನಿಗೂ ಬೇರೆ ಬೇರೆ ನೋಂದಣಿ ಸಂಖ್ಯೆ. ಎಲ್ಲರೂ ಒಟ್ಟಿಗೇ ಬರೆಯುತ್ತಾರೆ. ಮುಂದಿರುವ ಪುಸ್ತಕವನ್ನು ತೆರೆದು ನೋಡಬಹುದು. ಆದರೆ ಪಕ್ಕದವನು ಈ ಕ್ಷಣದಲ್ಲಿ ಏನು ಬರೆಯುತ್ತಿದ್ದಾನೆಂದು ಇಣುಕುವಂತಿಲ್ಲ. ಚುಕ್ಕಿಗಳ ಲೋಕವೂ ಹೀಗೆಯೇ. ಪ್ರತಿ ಚುಕ್ಕಿಗೂ ಒಂದೇ ಶೇಡರ್, ತನ್ನದೇ ಆದ ಸ್ಥಾನಸಂಖ್ಯೆ, ತನ್ನದೇ ಉತ್ತರ. ಪುಸ್ತಕವೆಂದರೆ ನಾವು ಅದಕ್ಕೆ ಒದಗಿಸಿದ ಚಿತ್ರ.

ಇಷ್ಟು ಹೊತ್ತಿಗೆ ನನ್ನ ಕಣ್ಣು ತೆರೆಯಿತು. ಹನ್ನೊಂದು ವರ್ಷ ಪರೀಕ್ಷಾಮಂದಿರಗಳಲ್ಲಿ ಕಾವಲು ತಿರುಗಿದವನಿಗೆ ಇದಕ್ಕಿಂತ ಸುಲಭವಾದ ವಿವರಣೆ ಬೇರೊಂದಿರಲಾರದು. ಹುಡುಗನು ನನಗೆ ಪಾಠ ಹೇಳುವ ಮೊದಲು, ನನಗೆ ಏನು ಗೊತ್ತಿದೆ ಎಂಬುದನ್ನು ಯೋಚಿಸಿದ್ದ. ನಾನು ಅವನಿಗೆ ಪಾಠ ಹೇಳುವಾಗ ಎಂದಾದರೂ ಹಾಗೆ ಯೋಚಿಸಿದ್ದೆನೇ? ಆ ಪ್ರಶ್ನೆ ಅಂದು ಮನಸ್ಸಿನಲ್ಲಿಯೇ ಉಳಿಯಿತು.

ಹೆಸರಿನ ಹಿಂದಿನ ನಾಟಕ

ಆಟ ಕಟ್ಟುವುದಕ್ಕೆ ಅವನು ಬಳಸುತ್ತಿದ್ದ ಗೇಮ್ ಎಂಜಿನ್ನಿನ ಹೆಸರು ಗೊಡೊ. ಈ ಹೆಸರು ಕಿವಿಗೆ ಬಿದ್ದೊಡನೆ ನಾನು ಬೆಚ್ಚಿದೆ. ಹೌದು, ಸ್ಯಾಮ್ಯುಯೆಲ್ ಬೆಕೆಟ್ಟನ ನಾಟಕದಲ್ಲಿ ಇಬ್ಬರು ಕಾಯುತ್ತಲೇ ಇರುವ, ಎಂದೂ ಬಾರದಿರುವ, ಅದೇ ಗೊಡೊ! 1953ರಲ್ಲಿ ಪ್ಯಾರಿಸ್ಸಿನ ರಂಗದ ಮೇಲೆ ಮೊದಲು ಬಂದ ನಾಟಕವದು. ಆರ್ಜೆಂಟೀನದ ಹುವಾನ್ ಲಿನಿಯೆಟ್ಸ್ಕಿ ಮತ್ತು ಆರಿಯೆಲ್ ಮಾನ್ಸುರ್ ಎಂಬ ಇಬ್ಬರು ತಾವು ಕಟ್ಟಿದ ಎಂಜಿನ್ನಿಗೆ ಈ ಹೆಸರನ್ನಿಟ್ಟರು. ಎಷ್ಟು ಸೇರಿಸಿದರೂ ಇನ್ನೂ ಸೇರಿಸಬೇಕೆನ್ನಿಸುವ, ಪೂರ್ಣತೆಗಾಗಿ ಕಾಯುತ್ತಲೇ ಇರಬೇಕಾದ ಕೆಲಸವೆಂಬುದು ಅದರ ಇಂಗಿತ. 2014ರಲ್ಲಿ ಅವರು ಅದರ ಮೂಲ ಆಜ್ಞಾವಳಿಯನ್ನೆಲ್ಲ ಲೋಕಕ್ಕೆ ಬಿಟ್ಟುಕೊಟ್ಟರು. ಇಂದು ಯಾರು ಬೇಕಾದರೂ ಹಣ ಕೊಡದೆ ಅದನ್ನು ಪಡೆಯಬಹುದು; ಬಿಚ್ಚಿ ನೋಡಬಹುದು; ತಿದ್ದಲೂಬಹುದು. ತಾಳೆಗರಿಯನ್ನು ಕೇಳಿದವರಿಗೆಲ್ಲ ಪ್ರತಿಮಾಡಿಕೊಳ್ಳಲು ಕೊಟ್ಟಂತೆ.

ಶೇಡರ್ ಎಂಬ ಮಾತೂ ತೀರ ಹೊಸದೇನಲ್ಲ. ಚಲಚ್ಚಿತ್ರದ ಚಿತ್ರಗಳನ್ನು ಗಣಕದಿಂದ ರಚಿಸುತ್ತಿದ್ದ ಪಿಕ್ಸಾರ್ ಸಂಸ್ಥೆಯವರು 1988ರಲ್ಲಿ ಪ್ರಕಟಿಸಿದ ರೆಂಡರ್‌ಮ್ಯಾನ್ ಎಂಬ ನಿಯಮಾವಳಿಯಿಂದ ಅದು ಬಳಕೆಗೆ ಬಂದಿತು. ಆಗ ಒಂದೊಂದು ಚಿತ್ರವನ್ನು ಲೆಕ್ಕಹಾಕಲು ಯಂತ್ರಗಳು ಬಹಳ ಹೊತ್ತು ಹೆಣಗಬೇಕಾಗಿತ್ತು. 2001ರಲ್ಲಿ ಎನ್‌ವಿಡಿಯಾ ಕಂಪೆನಿಯ ಜಿಫೋರ್ಸ್ 3 ಬಂದ ಮೇಲೆ, ಮನೆಯ ಗಣಕದಲ್ಲಿಯೂ ಆಟ ನಡೆಯುತ್ತಿರುವಾಗಲೇ ಶೇಡರುಗಳನ್ನು ಓಡಿಸುವುದು ಸಾಧ್ಯವಾಯಿತು. ಇಂದು ನಮ್ಮ ಜೇಬಿನ ಫೋನಿನಲ್ಲಿಯೂ ಆ ಸಾಮರ್ಥ್ಯವಿದೆ.

ಒಂದು ಚುಕ್ಕೆಯ ತಪ್ಪು

ಮೊದಲ ಪಾಠ, ಪರದೆಯ ಒಂದು ಚೌಕಕ್ಕೆ ಕೆಂಪು ಬಣ್ಣ ಬಳಿಯುವುದು. ಬಣ್ಣವನ್ನು ನಾಲ್ಕು ಸಂಖ್ಯೆಗಳಲ್ಲಿ ಹೇಳಬೇಕು: ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು, ಅದು ಎಷ್ಟರಮಟ್ಟಿಗೆ ಹಿಂದಿನದನ್ನು ಮರೆಮಾಡುತ್ತದೆ. ಒಂದೊಂದೂ ಸೊನ್ನೆಯಿಂದ ಒಂದರವರೆಗೆ. ಕೆಂಪಿಗೆ ಒಂದು, ಹಸಿರಿಗೆ ಸೊನ್ನೆ, ನೀಲಿಗೆ ಸೊನ್ನೆ, ಕೊನೆಗೆ ಒಂದು. ಇಷ್ಟೇ! ಕೆಂಪು ಚೌಕ ಮೂಡಿತು. ನನಗೆ ಬಹಳ ಸಂತೋಷವಾಯಿತು.

ಆ ಸಂತೋಷದಲ್ಲಿ ಮನೆಗೆ ಹೋಗಿ, ಕೆಂಪನ್ನು ಎರಡರಷ್ಟು ಮಾಡಲು ನಾನೇ ಒಂದು ಸಾಲನ್ನು ಸೇರಿಸಿದೆ. ಚೌಕ ಮಾಯವಾಯಿತು, ತಪ್ಪಿದೆಯೆಂಬ ಸೂಚನೆ ಬಂದಿತು. ರಾತ್ರಿ ಹನ್ನೊಂದರವರೆಗೆ ಹುಡುಕಿದೆ. ಅಕ್ಷರ ಅಕ್ಷರವಾಗಿ ಓದಿದೆ. ಎಲ್ಲವೂ ಸರಿಯಾಗಿಯೇ ಇದ್ದಂತೆ ಕಂಡಿತು. ಯಂತ್ರವೇ ಕೆಟ್ಟಿರಬೇಕೆಂದು ಮಲಗಿದೆ.

ಶನಿವಾರ ಹುಡುಗ ಒಮ್ಮೆ ನೋಡಿ, “ಚುಕ್ಕೆ ಇಲ್ಲ ಸಾರ್” ಎಂದ. ನಾನು ಎರಡು ಎಂದು ಬರೆದಿದ್ದೆ. ಬರೆಯಬೇಕಾಗಿದ್ದುದು 2.0. ನಮ್ಮ ಪಾಲಿಗೆ ಎರಡೂ ಒಂದೇ. ಆದರೆ ಶೇಡರಿನ ಭಾಷೆಗೆ 2 ಪೂರ್ಣಾಂಕ, 2.0 ದಶಮಾಂಶ, ಒಂದರ ಜಾಗದಲ್ಲಿ ಮತ್ತೊಂದನ್ನು ಅದು ಒಪ್ಪದು. “ನಾನೂ ಇದೇ ತಪ್ಪಿಗೆ ಎರಡು ದಿನ ಕಳೆದಿದ್ದೇನೆ ಸಾರ್” ಎಂದು ಅವನು ಸಮಾಧಾನ ಹೇಳಿದ. ನಗಲಿಲ್ಲ. “ಇಷ್ಟೂ ತಿಳಿಯದವರಿಗೆ ಇನ್ನೇನು ತಲೆಗೆ ಹತ್ತೀತು?” ಎನ್ನಲಿಲ್ಲ.

ನನಗೆ ಥಟ್ಟನೆ ಆ ಹಳೆಯ ಮಾತು ನೆನಪಾಯಿತು. ಲಘುವಾದ ಅಕ್ಷರದ ಮುಂದೆ ಒತ್ತಕ್ಷರ ಬಂದರೆ ಅದು ಗುರುವಾಗುತ್ತದೆ ಎಂಬ ನಿಯಮವನ್ನು ಅವನು ಬಿಟ್ಟುಬಿಡುತ್ತಿದ್ದುದರಿಂದಲೇ ಅವನ ಪ್ರಸ್ತಾರಗಳೆಲ್ಲ ತಪ್ಪಾಗುತ್ತಿದ್ದುದು. ನಾನು ಆ ತಪ್ಪುಗಳಿಗೆ ಕೆಂಪು ಗೆರೆ ಎಳೆದಿದ್ದೆನೇ ಹೊರತು, ಎಲ್ಲವೂ ಒಂದೇ ತಪ್ಪಿನ ಮಕ್ಕಳೆಂಬುದನ್ನು ಗಮನಿಸಿರಲಿಲ್ಲ. ಅಂದು ಅದನ್ನು ಬಿಡಿಸಿ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದರೆ ಅಕ್ಷರ ಪಕ್ಕದವನನ್ನ ನೋಡ್ಕೊಂಡು ಬರೆಯುತ್ತೆ ಅನ್ನಿ. ನಾನು ಒಂದೊಂದಕ್ಷರಾನೂ ಪಿಕ್ಸೆಲ್ ಥರ ಒಂಟಿ ಅಂದ್ಕೊಂಡಿದ್ದೆ ಸಾರ್” ಎಂದ. ಆಮೇಲೆ ಬರೆದ ಐದು ಸಾಲುಗಳ ಪ್ರಸ್ತಾರದಲ್ಲಿ ಒಂದೇ ಒಂದು ತಪ್ಪಿತ್ತು.

ಕುಂಕುಮದ ಬೊಟ್ಟು ಮೊಟ್ಟೆಯಾದುದು

ಎರಡನೆಯ ಪಾಠ ಸ್ಥಾನಸಂಖ್ಯೆಯದು. ಇದಕ್ಕೆ ‘ಯುವಿ’ ಎಂದು ಹೆಸರು. ಚೌಕದ ಎಡ ಮೇಲಿನ ಮೂಲೆಯಲ್ಲಿ ಎರಡೂ ಸಂಖ್ಯೆಗಳು ಸೊನ್ನೆ. ಬಲಕ್ಕೆ ಹೋದಂತೆ ಮೊದಲನೆಯದು ಒಂದಕ್ಕೆ ಏರುತ್ತದೆ. ಕೆಳಕ್ಕೆ ಇಳಿದಂತೆ ಎರಡನೆಯದು ಒಂದಕ್ಕೆ ಏರುತ್ತದೆ. ಮೊದಲನೆಯದನ್ನು ಕೆಂಪಿನ ಜಾಗದಲ್ಲಿಯೂ ಎರಡನೆಯದನ್ನು ಹಸಿರಿನ ಜಾಗದಲ್ಲಿಯೂ ಬರೆದರೆ, ಎಡ ಮೇಲ್ಮೂಲೆ ಕಪ್ಪು, ಬಲ ಮೇಲ್ಮೂಲೆ ಕೆಂಪು, ಎಡ ಕೆಳಮೂಲೆ ಹಸಿರು, ಬಲ ಕೆಳಮೂಲೆ ಹಳದಿ. ನಡುವೆಯೆಲ್ಲ ಒಂದು ಬಣ್ಣ ಮತ್ತೊಂದರಲ್ಲಿ ಕರಗುತ್ತ ಹೋಗುತ್ತದೆ. ಒಂದೇ ಸಾಲಿನ ಅಪ್ಪಣೆಗೆ ಸಂಜೆಯ ಆಕಾಶದಂಥ ಚಿತ್ರ! ಈ ವಿದ್ಯೆಯ ಮೋಹ ನನ್ನನ್ನು ಹಿಡಿದುದು ಆ ಗಳಿಗೆಯಲ್ಲಿ.

ಇಲ್ಲಿ ಒಂದು ಎಚ್ಚರಿಕೆಯನ್ನು ಹೇಳಬೇಕು. ಕೆಲವು ಕಡೆಗಳಲ್ಲಿ ಎಣಿಕೆ ಎಡ ಕೆಳಮೂಲೆಯಿಂದ ಆರಂಭವಾಗುತ್ತದೆ. ಅಂಥ ಕಡೆಯಿಂದ ಪ್ರತಿಮಾಡಿದ ದೀಪದ ಶೇಡರನ್ನು ನಾನು ಗೊಡೊದಲ್ಲಿ ಹಾಕಿದಾಗ, ದೀಪದ ಕುಡಿ ನೆಲಕ್ಕೆ ಮುಖಮಾಡಿ ಉರಿಯಿತು. ತಲೆಕೆಳಗಾದ ದೀಪವನ್ನು ನೋಡಿ ನನ್ನ ತಾಯಿಯವರು ‘ಅಪಶಕುನ’ ಎಂದರು. ಎರಡನೆಯ ಸಂಖ್ಯೆಯನ್ನು ಒಂದರಿಂದ ಕಳೆದು ಬರೆದ ಕೂಡಲೇ ದೀಪ ನೆಟ್ಟಗಾಯಿತು.

ಮೂರನೆಯ ಪಾಠ ವೃತ್ತ. ‘ವೃತ್ತವನ್ನು ಬರೆ’ ಎಂದು ಹೇಳಲು ಇಲ್ಲಿ ಬರುವುದಿಲ್ಲ. ಪ್ರತಿ ಚುಕ್ಕಿಯೂ “ನಾನು ನಡುವಿನಿಂದ ಎಷ್ಟು ದೂರ?” ಎಂದು ಕೇಳಿಕೊಳ್ಳಬೇಕು. ದೂರ 0.3ಕ್ಕಿಂತ ಕಡಮೆಯಾದರೆ ಕುಂಕುಮದ ಬಣ್ಣ; ಹೆಚ್ಚಾದರೆ ಬಿಳಿ. ಈ ಕತ್ತರಿಸುವ ಕೆಲಸಕ್ಕೆ ‘ಸ್ಟೆಪ್’ ಎಂಬ ಸಿದ್ಧ ಸೂತ್ರವಿದೆ. ಅದನ್ನು ಬಳಸಿದಾಗ ಬೊಟ್ಟಿನ ಅಂಚು ಗರಗಸದಂತೆ ಹಲ್ಲು ಹಲ್ಲಾಯಿತು. ‘ಸ್ಮೂತ್‌ಸ್ಟೆಪ್’ ಎಂಬ ಇನ್ನೊಂದು ಸೂತ್ರ 0.29ರಿಂದ 0.31ರವರೆಗೆ ಮೆಲ್ಲಮೆಲ್ಲನೆ ಬಣ್ಣವನ್ನು ಮಾರ್ಪಡಿಸುತ್ತದೆ, ಅಂಚು ನಯವಾಗುತ್ತದೆ. ಆದರೆ ಅದೇ ಬೊಟ್ಟನ್ನು ಚೌಕದ ಬದಲು ಅಗಲವಾದ ಪರದೆಗೆ ಹಾಕಿದಾಗ ಅದು ಮೊಟ್ಟೆಯಾಯಿತು. ಅಗಲ 16, ಎತ್ತರ 9 ಇರುವ ಕಡೆಯಲ್ಲಿಯೂ ಎರಡಕ್ಕೂ ಸೊನ್ನೆಯಿಂದ ಒಂದರ ಅಳತೆಯೇ ಇದ್ದರೆ ಇನ್ನೇನಾದೀತು? ಅಡ್ಡದ ದೂರವನ್ನು ಆ ಪ್ರಮಾಣದಿಂದ ಗುಣಿಸಿದ ಮೇಲೆಯೇ ಬೊಟ್ಟು ಮತ್ತೆ ದುಂಡಗಾಯಿತು.

ಹೊಸಬರನ್ನು ಹೆಚ್ಚಾಗಿ ಕಾಡುವ ಸಂಗತಿಯೊಂದಿದೆ. ಬೇರೆ ಆಜ್ಞಾವಳಿಗಳಲ್ಲಿ ನಡುವೆ ಲೆಕ್ಕ ಎಲ್ಲಿಗೆ ಬಂದಿತೆಂದು ಬರೆಸಿ ನೋಡಬಹುದು. ಶೇಡರಿಗೆ ಬಾಯಿಲ್ಲ. ಅದು ಬಲ್ಲ ಮಾತೊಂದೇ, ಬಣ್ಣ. ದೂರ ಎಷ್ಟೆಂದು ತಿಳಿಯಬೇಕಾದರೆ ದೂರವನ್ನೇ ಬಣ್ಣವಾಗಿ ಬರೆಸಬೇಕು. ಕಪ್ಪಾಗಿ ಕಂಡರೆ ಸೊನ್ನೆ, ಬೆಳ್ಳಗಿದ್ದರೆ ಒಂದು, ಬೂದಿಯಾದರೆ ನಡುವಿನದು. ಮಾತುಬಾರದ ಮಗುವಿನ ಮುಖ ನೋಡಿ ಹಸಿವನ್ನು ತಿಳಿಯುವಂತೆ, ಬಣ್ಣ ನೋಡಿ ಸಂಖ್ಯೆಯನ್ನು ತಿಳಿಯುವ ಅಭ್ಯಾಸವಾಗಬೇಕು.

ಹಿತ್ತಾಳೆಯ ತಂಬಿಗೆ

ದೀಪ ಬಂದ ಮೇಲೆ ಬೆಳಕಿನ ವಿಚಾರ ಬಂದಿತು. ಹುಡುಗಿಯ ಕೈಯ ದೀಪದ ಬೆಳಕು ಕಲ್ಲಿನ ಕಂಬದ ಮೇಲೆ ಬೀಳಬೇಕು. ಎಷ್ಟು ಬೀಳಬೇಕು?

ಇದಕ್ಕೆ ಉತ್ತರವನ್ನು ಯೋಹಾನ್ ಹೈನ್ರಿಖ್ ಲ್ಯಾಂಬರ್ಟ್ ಎಂಬ ವಿದ್ವಾಂಸನು 1760ರಷ್ಟು ಹಿಂದೆಯೇ ಲ್ಯಾಟಿನ್ ಗ್ರಂಥವೊಂದರಲ್ಲಿ ಬರೆದಿಟ್ಟಿದ್ದಾನೆ. ಬೆಳಕು ನೆಟ್ಟಗೆ ಬಿದ್ದರೆ ಪೂರ್ಣಪ್ರಕಾಶ, ಓರೆಯಾದಷ್ಟೂ ಕಡಮೆ. ಲಂಬದಿಂದ 60 ಡಿಗ್ರಿ ಓರೆಯಾದರೆ ಅರ್ಧ. 90 ಡಿಗ್ರಿಯಾದರೆ ಸೊನ್ನೆ. ಶಾಲೆಯಲ್ಲಿ ನಾವು ಬೈದುಕೊಂಡು ಕಲಿತ ‘ಕೊಸೈನ್’ ಇದೇ. ನಡುಹಗಲ ಬಿಸಿಲಿನಲ್ಲಿ ಬೆಳಗುವ ಅಂಗಳ ಸಂಜೆಯ ಬಿಸಿಲಿನಲ್ಲಿ ಮಂಕಾಗುವುದನ್ನು ಕಂಡವರೆಲ್ಲ ಈ ನಿಯಮವನ್ನು ಬಲ್ಲರು. ಮೇಲ್ಮೈ ನೋಡುವ ದಿಕ್ಕಿಗೊಂದು ಬಾಣ, ದೀಪದ ದಿಕ್ಕಿಗೊಂದು ಬಾಣ. ಎರಡು ಬಾಣಗಳೂ ಒಂದೇ ಕಡೆಗಿದ್ದರೆ ಒಂದು, ಅಡ್ಡಡ್ಡವಾದರೆ ಸೊನ್ನೆ ಎಂದು ಹೇಳುವ ‘ಡಾಟ್’ ಎಂಬ ಗುಣಾಕಾರ ಶೇಡರಿನಲ್ಲಿ ಸಿದ್ಧವಾಗಿದೆ.

ಇಷ್ಟರಿಂದ ಮಣ್ಣಿನ ಮಡಕೆಯನ್ನು ಚಿತ್ರಿಸಬಹುದು. ಹಿತ್ತಾಳೆಯ ತಂಬಿಗೆಯನ್ನು ಚಿತ್ರಿಸಲಾಗದು. ತಂಬಿಗೆಯ ಮೇಲೆ ಒಂದು ಹೊಳಪಿನ ಬೊಟ್ಟು ಇರುತ್ತದೆ. ನಾವು ತಲೆಯನ್ನು ಅತ್ತಿತ್ತ ಆಡಿಸಿದರೆ ಅದೂ ಸರಿದಾಡುತ್ತದೆ. ಮಡಕೆಯಲ್ಲಿ ಹೀಗಾಗದು. ಈ ಹೊಳಪಿಗೆ ಸುಲಭವಾದ ಸೂತ್ರವನ್ನು ಕೊಟ್ಟವರು ಬುಯಿ ತೂಂಗ್ ಫೋಂಗ್. 1942ರಲ್ಲಿ ವಿಯೆಟ್ನಾಮಿನ ಹನೋಯಿಯಲ್ಲಿ ಹುಟ್ಟಿ, ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದಲ್ಲಿ 1973ರಲ್ಲಿ ಪ್ರಬಂಧವನ್ನು ಮುಗಿಸಿದವರು. ಪಸರಿಸಿದ ಮಂದ ಬೆಳಕು, ಓರೆಗೆ ತಕ್ಕಂತೆ ಬೀಳುವ ಬೆಳಕು, ಕಣ್ಣಿಗೆ ಪುಟಿಯುವ ಹೊಳಪು, ಈ ಮೂರನ್ನು ಕೂಡಿಸಿದರೆ ಸಾಕೆಂದು ಅವರು ತೋರಿಸಿದರು. ಅವರ ಲೇಖನ ಅಚ್ಚಾದುದು 1975ರಲ್ಲಿ. ಅದೇ ವರ್ಷ, ಮೂವತ್ತಮೂರು ತುಂಬುವ ಮೊದಲೇ, ಅವರು ತೀರಿಕೊಂಡರು. ಇಂದಿಗೂ ಶೇಡರ್ ಕಲಿಯುವವರು ಮೊದಲು ಬರೆಯುವ ಬೆಳಕು ಅವರದೇ. ಮೂವತ್ತಾರರಲ್ಲಿ ನಾನು ಆ ಸೂತ್ರವನ್ನು ಪ್ರತಿಮಾಡಿಕೊಳ್ಳುವಾಗ ಮನಸ್ಸು ಭಾರವಾಯಿತು.

ಕಲ್ಯಾಣಿಯಲ್ಲಿ ನೀರು ಬಂದುದು

ಹತ್ತನೆಯ ಶನಿವಾರ ನಾವು ನೀರಿಗೆ ಇಳಿದೆವು.

ಮೊದಲು ಪ್ರತಿಬಿಂಬ. ಚಿತ್ರದ ನಡುಗೆರೆ 0.5. ಅದಕ್ಕಿಂತ ಮೇಲಿರುವ ಚುಕ್ಕಿಗಳು ತಮ್ಮ ಬಣ್ಣವನ್ನು ಇದ್ದಲ್ಲಿಂದಲೇ ಓದಿಕೊಳ್ಳಲಿ. ಕೆಳಗಿರುವ ಚುಕ್ಕಿಗಳು ತಮ್ಮ ಸಂಖ್ಯೆಯನ್ನು ಒಂದರಿಂದ ಕಳೆದು ಆ ಸ್ಥಾನದ ಬಣ್ಣವನ್ನು ಓದಲಿ. 0.6ರಲ್ಲಿರುವುದು 0.4ನ್ನು ನೋಡುತ್ತದೆ, 0.9ರಲ್ಲಿರುವುದು 0.1ನ್ನು. ಮಂಟಪ, ಬೆಟ್ಟ, ಗುಡಿ ಎಲ್ಲವೂ ನೀರಿನಲ್ಲಿ ತಲೆಕೆಳಗಾಗಿ ಬಿದ್ದುವು. ಅದು ನೀರಲ್ಲ, ಕನ್ನಡಿ. ಆದರೂ ತಗಡು ಹೋಯಿತು.

ಅನಂತರ ಅಲೆ. ಓದುವ ಸ್ಥಾನವನ್ನು ಅಡ್ಡಲಾಗಿ ಚೂರು ಸರಿಸಬೇಕು. ಎಷ್ಟು ಸರಿಸಬೇಕೆಂಬುದನ್ನು ‘ಸೈನ್’ ಹೇಳುತ್ತದೆ. ಅದು ಒಂದರಿಂದ ಒಂದು ಋಣದವರೆಗೆ ಉಯ್ಯಾಲೆಯಂತೆ ತೂಗುವ ಸೂತ್ರ. ಅದರೊಳಗೆ ಕಾಲವನ್ನು ಸೇರಿಸಿದರೆ ಅಲೆ ಚಲಿಸುತ್ತದೆ. ನಾನು ಆತುರದಿಂದ 0.1 ಎಂದು ಬರೆದೆ. ಕಲ್ಯಾಣಿಯ ಮಂಟಪಗಳೆಲ್ಲ ಭೂಕಂಪವಾದಂತೆ ಓಲಾಡಿದುವು. 0.01 ಎಂದು ತಿದ್ದಿದ ಮೇಲೆ ನೀರು ಶಾಂತವಾಯಿತು. ಹುಡುಗ ಅದಕ್ಕೊಂದು ಸುಧಾರಣೆಯನ್ನು ಹೇಳಿದ. ದೂರದ ನೀರಿನಲ್ಲಿ ಅಲೆ ಸಣ್ಣದಾಗಿ, ನಮ್ಮ ಕಾಲ ಬಳಿಯಲ್ಲಿ ದೊಡ್ಡದಾಗಿ ಕಾಣುತ್ತದಲ್ಲವೆ? ನಡುಗೆರೆಯಿಂದ ಎಷ್ಟು ಕೆಳಗಿದೆಯೋ ಅದರಿಂದ ಅಲೆಯನ್ನು ಗುಣಿಸಿದೆವು. ಗೆರೆಯ ಬಳಿ ಅಲೆ ಸೊನ್ನೆಯಾಗಿ, ದಡಕ್ಕೂ ನೀರಿಗೂ ನಡುವೆ ಕಾಣುತ್ತಿದ್ದ ಸೀಳು ತಾನಾಗಿಯೇ ಮುಚ್ಚಿಕೊಂಡಿತು.

ಇಷ್ಟಾದರೂ ಅಲೆಗಳು ಮಾಡಿನ ತಗಡಿನ ಏರಿಳಿತದಂತೆ ತೀರ ಕ್ರಮವಾಗಿದ್ದುವು. ಪ್ರಕೃತಿ ಅಷ್ಟು ಶಿಸ್ತಿನವಳಲ್ಲ. ಈ ಅತೃಪ್ತಿ ನಮಗೆ ಮಾತ್ರ ಬಂದುದಲ್ಲ. 1982ರಲ್ಲಿ ತೆರೆಕಂಡ ‘ಟ್ರಾನ್’ ಚಿತ್ರಕ್ಕಾಗಿ ದುಡಿದ ಕೆನ್ ಪರ್ಲಿನ್ ಎಂಬವರು, ಗಣಕದ ಚಿತ್ರಗಳ ಯಾಂತ್ರಿಕತೆಯಿಂದ ಬೇಸತ್ತು, ಅಕ್ಕಪಕ್ಕದ ಸಂಖ್ಯೆಗಳು ಹಠಾತ್ತನೆ ಜಿಗಿಯದೆ ಮೆಲ್ಲನೆ ಏರಿಳಿಯುವ, ಆದರೂ ಮುಂದೇನೆಂದು ಊಹಿಸಲಾಗದ ‘ನಾಯ್ಸ್’ ಎಂಬ ಸೂತ್ರವನ್ನು ಕಂಡುಹಿಡಿದರು. 1985ರಲ್ಲಿ ಅದನ್ನು ಕುರಿತು ಬರೆದರು. ಅದಕ್ಕಾಗಿ 1997ರಲ್ಲಿ ಅವರಿಗೆ ಅಮೆರಿಕದ ಚಲಚ್ಚಿತ್ರ ಅಕಾಡೆಮಿಯ ತಾಂತ್ರಿಕ ಪ್ರಶಸ್ತಿಯೂ ಬಂದಿತು. ಮೋಡ, ಹೊಗೆ, ಅಮೃತಶಿಲೆ, ಬೆಂಕಿ, ನೀರು ಎಲ್ಲಕ್ಕೂ ಅದು ಉಪ್ಪಿನಂತೆ ಬೇಕಾಗುತ್ತದೆ. ಗೊಡೊದಲ್ಲಿ ಅಂಥ ನಾಯ್ಸ್ ಚಿತ್ರವನ್ನು ಸಿದ್ಧಮಾಡಿಕೊಡುವ ಅನುಕೂಲವಿದೆ. ಅದರಲ್ಲೊಂದು ಚಿಟಿಕೆಯನ್ನು ಅಲೆಗೆ ಬೆರೆಸಿ, ನೀರಿಗೆ ಮುಪ್ಪತ್ತು ಪಾಲು ಪಾಚಿಹಸಿರನ್ನು ಸೇರಿಸಿದೆವು.

ಕೊನೆಗೆ ಮೆಟ್ಟಿಲು. ಸಂಖ್ಯೆಯ ಪೂರ್ಣಭಾಗವನ್ನು ಬಿಟ್ಟು ದಶಮಾಂಶವನ್ನು ಮಾತ್ರ ಉಳಿಸುವ ‘ಫ್ರ್ಯಾಕ್ಟ್’ ಎಂಬ ಸೂತ್ರವೊಂದಿದೆ. ಸ್ಥಾನವನ್ನು ಹತ್ತರಿಂದ ಗುಣಿಸಿ ಇದಕ್ಕೆ ಕೊಟ್ಟರೆ, ಸೊನ್ನೆಯಿಂದ ಒಂದರ ಏರಿಕೆ ಹತ್ತು ಬಾರಿ ಮರಳಿ ಮರಳಿ ಬರುತ್ತದೆ. ಹತ್ತು ಮೆಟ್ಟಿಲುಗಳು ಮೂಡುತ್ತವೆ. ಇದು ನನ್ನ ತಲೆಗೆ ಹೋಗಲಿಲ್ಲ. ಹುಡುಗ ಅರೆಕ್ಷಣ ಯೋಚಿಸಿ, “ನಿಮ್ಮ ಭಾಮಿನಿ ಷಟ್ಪದಿ ಸಾರ್! ಮೂರು, ನಾಲ್ಕು, ಮೂರು, ನಾಲ್ಕು. ಏಳು ಮಾತ್ರೆ ಆಗುತ್ತಲೂ ಎಣಿಕೆ ಮತ್ತೆ ಮೊದಲಿಂದ. ಅದೇ ಫ್ರ್ಯಾಕ್ಟು” ಎಂದ.

ನಾನು ನಿಬ್ಬೆರಗಾದೆ. ಶೇಡರನ್ನು ವಿವರಿಸಲು ಅವನು ಷಟ್ಪದಿಯನ್ನು ಉದಾಹರಿಸಿದ್ದ. ಉದಾಹರಣೆ ಕೊಡುವಷ್ಟು ಅದು ಅವನದಾಗಿತ್ತು.

ಹೊಸದಾಗಿ ಕಲಿಯುವವರಿಗೆ

ಈ ವಿದ್ಯೆಗೆ ಕೈಹಾಕುವವರಿಗೆ ನನ್ನ ಅನುಭವದಿಂದ ಮೂರು ನಾಲ್ಕು ಮಾತುಗಳು. ಒಮ್ಮೆಗೆ ಒಂದೇ ಒಂದು ಸಂಖ್ಯೆಯನ್ನು ಬದಲಿಸಿ, ಏನಾಯಿತೆಂದು ನೋಡಿ. ಬೇರೆಯವರ ಐವತ್ತು ಸಾಲುಗಳನ್ನು ಪ್ರತಿಮಾಡುವುದಕ್ಕಿಂತ, ನಿಮ್ಮವೇ ಐದು ಸಾಲುಗಳನ್ನು ಐವತ್ತು ಬಗೆಯಲ್ಲಿ ತಿದ್ದುವುದು ಮೇಲು. ಸೂತ್ರ ತಿಳಿಯದಿದ್ದಾಗ ಕಾಗದದ ಮೇಲೆ ಅದರ ಗೆರೆಯನ್ನು ಬರೆದುಕೊಳ್ಳಿ. ಬೇಕಾಗುವ ಗಣಿತ ಪ್ರೌಢಶಾಲೆಯದೇ: ದೂರ, ಕೋನ, ಸೈನ್, ಪ್ರಮಾಣ.

‘ಹೀಗಾದರೆ ಹಾಗೆ, ಇಲ್ಲವಾದರೆ ಹೀಗೆ’ ಎಂಬ ಕವಲುಗಳನ್ನು ಮಿತವಾಗಿ ಬಳಸಿ. ಸಣ್ಣ ಲೆಕ್ಕಿಗರು ಒಬ್ಬೊಬ್ಬರಾಗಿ ನಡೆಯುವವರಲ್ಲ. ಎನ್‌ವಿಡಿಯಾದ ಯಂತ್ರಗಳಲ್ಲಿ 32 ಮಂದಿಯ ತುಕಡಿಗಳಾಗಿ ಕವಾಯತು ಮಾಡುವವರು. ತುಕಡಿಯಲ್ಲಿ ಕೆಲವರು ಎಡಕ್ಕೂ ಕೆಲವರು ಬಲಕ್ಕೂ ಹೋಗಬೇಕಾದರೆ, ಒಂದು ಗುಂಪು ನಡೆಯುವಾಗ ಇನ್ನೊಂದು ಸುಮ್ಮನೆ ನಿಂತು ಕಾಯಬೇಕಾಗುತ್ತದೆ. ಸೆಕೆಂಡಿಗೆ ಅರವತ್ತು ಚಿತ್ರಗಳೆಂದರೆ ಒಂದು ಚಿತ್ರಕ್ಕೆ ದೊರೆಯುವ ಕಾಲ ಸುಮಾರು 16.7 ಮಿಲಿಸೆಕೆಂಡು ಮಾತ್ರ. ಅದರಲ್ಲಿ ಪೋಲುಮಾಡಲು ಎಡೆಯಿಲ್ಲ.

ಕೊನೆಯ ಮಾತು, ಸಾಧ್ಯವಾದರೆ ಯಾರಾದರೊಬ್ಬರ ಜೊತೆಯಲ್ಲಿ ಕಲಿಯಿರಿ. ನಿಮಗಿಂತ ಒಂದೇ ಹೆಜ್ಜೆ ಮುಂದಿರುವವರಾದರೆ ಇನ್ನೂ ಒಳ್ಳೆಯದು. ತಾವು ಎಡವಿದ ಕಲ್ಲು ಯಾವುದೆಂಬುದು ಅವರಿಗೆ ನೆನಪಿರುತ್ತದೆ. ನನ್ನಂಥವರಿಗೆ ಅದು ಮರೆತುಹೋಗಿರುತ್ತದೆ.

ಹುಡುಗ ಮೂರನೆಯ ಸಲ ಕನ್ನಡ ಪತ್ರಿಕೆಗೆ ಕುಳಿತ. ಫಲಿತಾಂಶ ಬಂದ ದಿನ ಅಧ್ಯಾಪಕರ ಕೊಠಡಿಯ ಬಾಗಿಲಲ್ಲಿ ನಿಂತು, “ಪಾಸಾದೆ ಸಾರ್. ಬೇಕಾದ್ದಕ್ಕಿಂತ ನಾಲ್ಕೇ ಅಂಕ ಜಾಸ್ತಿ” ಎಂದ. ನಾನು ಎದ್ದು ಅವನನ್ನು ಒಳಗೆ ಕರೆದು ಕೂರಿಸಿದೆ. ಎಷ್ಟೋ ದಿನಗಳಿಂದ ಗಂಟಲಲ್ಲಿದ್ದ ಮಾತನ್ನು ಅಂದು ಹೇಳಿದೆ: “ತರಗತಿಯಲ್ಲಿ ನಿನಗೆ ಆ ಮಾತನ್ನು ಆಡಬಾರದಾಗಿತ್ತಯ್ಯಾ. ತಪ್ಪು ನನ್ನದು.”

ಅವನು ಏನೂ ಹೇಳದೆ ಲ್ಯಾಪ್‌ಟಾಪನ್ನು ತೆರೆದ. ಕಲ್ಯಾಣಿಯಲ್ಲಿ ಸಂಜೆ. ಹುಡುಗಿ ದೀಪವನ್ನು ಮೆಟ್ಟಿಲ ಮೇಲಿಟ್ಟಳು. ಅದರ ಬೆಳಕು ಕಂಬವನ್ನು ಮುಟ್ಟಿ, ನೀರಿನಲ್ಲಿ ಮುರಿದು ಮುರಿದು ಉದ್ದವಾಯಿತು.

“ಈಗ ನೀರು ನೀರಿನ ಹಾಗಿದೆಯಲ್ಲವೆ?” ಎಂದೆ.

ಅವನು ಬಹಳ ಹೊತ್ತು ನೋಡಿದ. “ದಡದ ಹತ್ತಿರ ಇನ್ನೂ ಸ್ವಲ್ಪ ಗಟ್ಟಿಯಾಗಿದೆ ಸಾರ್” ಎಂದ. “ಬರೋ ಶನಿವಾರ ನೋಡೋಣ.”